ಹಿತ್ತಿಲಿಗೆ ಬಂದ ಕೊಳಕುಮಂಡಲವನ್ನು ಕೊಲ್ಲದೆ ಸ್ಥಳಾಂತರಿಸುವ ಕ್ರಮ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಮೆಕ್ಕೆಜೋಳ, ಶೇಂಗಾ ಮನೆ ಸೇರುವ ಹೊತ್ತಿಗೆ ಕಣಕ್ಕೂ ಹಿತ್ತಿಲಿಗೂ ಇಲಿಗಳು ಬರುತ್ತವೆ. ಅವುಗಳ ಬೆನ್ನಿಗೇ ಕೊಳಕುಮಂಡಲವೂ ಬರುತ್ತದೆ. ಬೆನ್ನಿನ ಮೇಲೆ ಮೂರು ಸಾಲು ಕಂದು ಮಚ್ಚೆಗಳಿರುವ ಈ ದಪ್ಪ ಹಾವನ್ನು ಹೆಬ್ಬಾವಿನ ಮರಿಯೆಂದು ತಿಳಿದು ಮುಟ್ಟಲು ಹೋಗುವವರಿದ್ದಾರೆ. ಗುರುತು ಖಚಿತವಿಲ್ಲದ ಯಾವುದೇ ಹಾವನ್ನು ವಿಷದ ಹಾವೆಂದೇ ಎಣಿಸಬೇಕು. ಅಮೆರಿಕದ ರ‍್ಯಾಟಲ್‌ಸ್ನೇಕ್ ಬಾಲ ಅಲುಗಿಸಿ ಸದ್ದು ಮಾಡಿ ಎಚ್ಚರಿಸಿದರೆ, ನಮ್ಮ ಕೊಳಕುಮಂಡಲ ಕುಕ್ಕರ್ ಕೂಗಿದಂತೆ ಜೋರಾಗಿ ಬುಸುಗುಟ್ಟುತ್ತದೆ. ಆದರೆ ಸುಮ್ಮನೆ ಮಲಗಿದೆ ಎಂದಮಾತ್ರಕ್ಕೆ ಅದು ಕಚ್ಚುವುದಿಲ್ಲವೆಂದು ನಂಬುವಂತಿಲ್ಲ.

ಹಾವು ಕಂಡೊಡನೆ ಮಕ್ಕಳನ್ನೂ ನಾಯಿಯನ್ನೂ ಒಳಗೆ ಸೇರಿಸಿ, ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿ, ಒಬ್ಬರು ಹತ್ತು ಅಡಿಗೂ ಹೆಚ್ಚು ದೂರದಲ್ಲಿ ನಿಂತು ಅದರ ಮೇಲೆ ಕಣ್ಣಿಟ್ಟಿರಬೇಕು. ಇದು ಸಣ್ಣ ಕೆಲಸದಂತೆ ಕಂಡರೂ, ಕಣ್ತಪ್ಪಿಸಿ ಸೌದೆಯೊಳಗೆ ನುಸುಳಿದ ಹಾವನ್ನು ಹುಡುಕುವುದು ಹಿಡಿಯುವುದಕ್ಕಿಂತ ಅಪಾಯಕಾರಿ. ಸೀಮೆಎಣ್ಣೆ ಸುರಿಯುವುದು, ಹೊಗೆ ಹಾಕುವುದು, ಕಲ್ಲೆಸೆಯುವುದು ಯಾವುದೂ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಕಾಯಬೇಕು. ತರಬೇತಿ ಇಲ್ಲದವರ ಕೆಲಸ ಇಲ್ಲಿಗೆ ಮುಗಿಯಿತು.

ಹಿಡಿಯಲು ಬರುವವರು ಒಬ್ಬರೇ ಬರಬಾರದು. ಮೊಣಕಾಲವರೆಗಿನ ಬೂಟು, ಉದ್ದನೆಯ ಕೊಕ್ಕೆ, ಬೆಳಕು ಇರಲೇಬೇಕು. ಕೊಳಕುಮಂಡಲದ ಬಾಲ ಹಿಡಿದು ಎತ್ತುವುದಾಗಲಿ, ಕುತ್ತಿಗೆಯನ್ನು ಇಕ್ಕಳದಿಂದ ಒತ್ತುವುದಾಗಲಿ ಸಲ್ಲದು. ಬಾಲ ಹಿಡಿದರೆ ಹಾವು ಕ್ಷಣಾರ್ಧದಲ್ಲಿ ತಿರುಗಿ ಕಚ್ಚಬಲ್ಲದು; ಒತ್ತಿದರೆ ಅದರ ಪಕ್ಕೆಲುಬಿಗೋ ಬೆನ್ನೆಲುಬಿಗೋ ಪೆಟ್ಟಾಗಿ, ಬಿಟ್ಟ ಮೇಲೆ ನಮ್ಮ ಕಣ್ಣಿಗೆ ಬೀಳದಂತೆ ಸಾಯುತ್ತದೆ. ಬಿಗಿ ಮುಚ್ಚಳದ, ಗಾಳಿಗೆ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಡ್ರಮ್ಮನ್ನು ಗೋಡೆಯ ಬದಿಯಲ್ಲಿ ಅಡ್ಡ ಮಲಗಿಸಿ, ಕೊಕ್ಕೆಯಿಂದ ಹಾವನ್ನು ಅದರ ಬಾಯಿಯತ್ತ ನಿಧಾನವಾಗಿ ಸರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ, ಏಕೆಂದರೆ ಹೆದರಿದ ಹಾವು ಕತ್ತಲಿರುವ ಜಾಗವನ್ನು ತಾನೇ ಹುಡುಕುತ್ತದೆ. ಬಟ್ಟೆಚೀಲ ಬಳಸಿದರೆ ಹಲ್ಲು ಬಟ್ಟೆಯನ್ನು ದಾಟಿ ಬರುತ್ತದೆಂಬುದನ್ನು ಮರೆಯಬಾರದು. ಗಂಟಿನ ಮೇಲ್ಭಾಗವನ್ನಷ್ಟೇ ಹಿಡಿದು, ಚೀಲವನ್ನು ಗಟ್ಟಿ ಡಬ್ಬಿಯೊಳಗಿಡಬೇಕು. ಹಾವಿನ ಜೊತೆ ಫೋಟೊ ತೆಗೆಸಿಕೊಳ್ಳಲು ನೆರೆದವರನ್ನು ದೂರ ಕಳಿಸುವುದೂ ಈ ಕೆಲಸದ ಭಾಗವೇ. ಡಬ್ಬಿ ಬಿಸಿಲಿಗೆ ಬೀಳಬಾರದು.

ಹೆಚ್ಚಿನ ತಪ್ಪು ನಡೆಯುವುದು ಬಿಡುವಾಗ. ಚಿತ್ರದುರ್ಗದಲ್ಲಿ ಹಿಡಿದ ಹಾವನ್ನು ಜೋಗಿಮಟ್ಟಿ ಕಾಡಿಗೆ ಒಯ್ದು ಬಿಡುವುದು ಪುಣ್ಯದ ಕೆಲಸವೆಂದು ಹಲವರು ಭಾವಿಸುತ್ತಾರೆ. ಆದರೆ ಹಾವಿಗೆ ತನ್ನ ಅಡಗುತಾಣ, ನೀರು, ಬೇಟೆಯ ಜಾಗಗಳ ಪರಿಚಯವಿರುವುದು ತಾನು ಓಡಾಡುವ ಸೀಮಿತ ನೆಲದಲ್ಲಿ ಮಾತ್ರ. ಅಮೆರಿಕದಲ್ಲಿ ದೂರಕ್ಕೆ ಒಯ್ದು ಬಿಟ್ಟ ರ‍್ಯಾಟಲ್‌ಸ್ನೇಕ್‌ಗಳ ಅಧ್ಯಯನದಲ್ಲಿ ಅವು ಅತಿಯಾಗಿ ಅಲೆದದ್ದೂ ಹೆಚ್ಚಾಗಿ ಸತ್ತದ್ದೂ ಕಂಡುಬಂದಿದೆ. ಹಾಗಾಗಿ ಹಿಡಿದ ಜಾಗದಿಂದ ಒಂದು ಕಿಲೋಮೀಟರಿನೊಳಗೆ, ಮನೆಗಳಿಲ್ಲದ ಪೊದೆ ಅಥವಾ ಕಲ್ಲಿನ ಬದುವಿನ ಬಳಿ, ಅರಣ್ಯ ಸಿಬ್ಬಂದಿಗೆ ತಿಳಿಸಿ, ಅದೇ ದಿನ ಬಿಸಿಲಿಲ್ಲದ ವೇಳೆಯಲ್ಲಿ ಬಿಡುವುದು ಉತ್ತಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಾವನ್ನು ಇಟ್ಟುಕೊಳ್ಳುವುದೂ ಪ್ರದರ್ಶಿಸುವುದೂ ಅಪರಾಧ.

ಯಾರಿಗಾದರೂ ಕಚ್ಚಿದರೆ ಕುಯ್ಯದೆ, ಹೀರದೆ, ಹಗ್ಗ ಬಿಗಿಯದೆ, ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, ಉಂಗುರ ಬಳೆ ತೆಗೆದು, 108ಕ್ಕೆ ಕರೆ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ.

ಹಾವು ಹೋದ ಮೇಲೆ ಸಪ್ಪೆಯ ಬಣವೆ, ಸೌದೆಯ ರಾಶಿಗಳನ್ನು ಗೋಡೆಯಿಂದ ದೂರ ಸರಿಸಿ, ಇಲಿಬಿಲ ಮುಚ್ಚಬೇಕು. ಕೊಳಕುಮಂಡಲ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಹುಟ್ಟಿದ ಮರಿಗೂ ವಿಷವಿರುತ್ತದೆ. ಆದ್ದರಿಂದ ರಾಶಿಯನ್ನು ಬರಿಗೈಯಲ್ಲಿ ಎತ್ತದೆ, ಉದ್ದನೆಯ ಕೋಲಿನಿಂದ ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು.