ಮಣ್ಣು ಭಾರ ತಾಳಿದರೆ ಸಾಕೇ? ಎಷ್ಟು ಜಗ್ಗುತ್ತದೆ ನೋಡಿ

ಪಾಯ ತೋಡುವಾಗ ಹಾರೆ ಟಣ್ ಎಂದರೆ ಸಾಕು, ‘ಮಣ್ಣು ಗಟ್ಟಿ ಇದೆ ಸಾರ್’ ಎನ್ನುತ್ತಾರೆ ಮೇಸ್ತ್ರಿ. ಮಾರ್ಚ್ ಬಿಸಿಲಲ್ಲಿ ಬೆಂಗಳೂರಿನ ಕೆಂಪು ಮಣ್ಣು ಎಲ್ಲಿ ಕುಟ್ಟಿದರೂ ಟಣ್ ಎನ್ನುತ್ತದೆ. ನೀರು ಕುಡಿದ ಮೇಲೆ ನೋಡಬೇಕು. ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದಾಗ ಎಲ್ಲರೂ ಹುಡುಕುವುದು ಎಸ್‌ಬಿಸಿ, ಅಂದರೆ ಮಣ್ಣು ತಾಳುವ ಭಾರ. ಆ ಭಾರಕ್ಕೆ ಮಣ್ಣು ಎಷ್ಟು ಜಗ್ಗುತ್ತದೆ ಎಂಬುದು ಬೇರೆ ಲೆಕ್ಕ. ಅದೇ ಬಿಗಿತ.

60 ಟನ್ ಹೊರುವ ಕಂಬಕ್ಕೆ 1.75 ಮೀಟರ್ ಚೌಕದ ಫೂಟಿಂಗ್ (ಕಂಬದಡಿಯ ಕಾಂಕ್ರೀಟ್ ಪಾದ) ಹಾಕಿದಿರಿ ಎನ್ನೋಣ. ಚದರ ಮೀಟರಿಗೆ ಸುಮಾರು 20 ಟನ್ ಬಿತ್ತು. ಮಣ್ಣಿನ ಇಲಾಸ್ಟಿಕ್ ಮಾಡ್ಯುಲಸ್, ಅಂದರೆ ಬಿಗಿತದ ಅಳತೆ, 30 ಮೆಗಾಪ್ಯಾಸ್ಕಲ್ ಇದ್ದರೆ ಪಾಯ ಸುಮಾರು 9 ಮಿ.ಮೀ. ಕೂರುತ್ತದೆ; 10 ಇದ್ದರೆ 28. ಸೈಟಿನ ಒಂದು ಮೂಲೆ ಮುಚ್ಚಿದ ಹಳೇ ಬಾವಿಯ ಮೇಲಿದ್ದರೆ ಈ ಎರಡೂ ಒಂದೇ ಮನೆಯಡಿ ಸೇರುತ್ತವೆ. ನಾಲ್ಕು ಮೀಟರ್ ಅಂತರದ ಆರ್‌ಸಿಸಿ ಕಂಬಗಳ ನಡುವೆ ಪಾಯದ ಭಾರತೀಯ ಮಾನಕ ಐಎಸ್ 1904 ಒಪ್ಪುವ ವ್ಯತ್ಯಾಸ 6 ಮಿ.ಮೀ. ಮಾತ್ರ. ಇಲ್ಲಿ 19!

ಮೊದಲು ಮಣ್ಣು ಪರೀಕ್ಷೆಗೆ ಬೋರ್ ಹಾಕಿಸಿ, ಎಸ್‌ಪಿಟಿ ಮಾಡಿಸಿ; ಬೋರಿನ ತಳದಲ್ಲಿ ಕೊಳವೆಯೊಂದನ್ನು ಸುತ್ತಿಗೆ ಪೆಟ್ಟಿನಿಂದ ಇಳಿಸುವ ಪರೀಕ್ಷೆ ಅದು. 63.5 ಕೆ.ಜಿ. ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬೀಳಬೇಕು. 45 ಸೆಂ.ಮೀ. ಇಳಿಸಿ, ಮೊದಲ 15 ಬಿಟ್ಟು ಉಳಿದ 30ಕ್ಕೆ ಬಿದ್ದ ಪೆಟ್ಟು ಎಣಿಸಿದರೆ ಅದೇ ಎನ್ ಮೌಲ್ಯ. ಬಿಗಿತವನ್ನು ಅದರಿಂದ ಅಂದಾಜಿಸುತ್ತಾರೆ, ನೇರವಾಗಿ ಅಳೆದಂತಲ್ಲ. ಎನ್ ದಿಢೀರನೆ 50 ದಾಟಿದರೆ ಬಂಡೆ ಸಿಕ್ಕಿತೆಂದು ಹಿಗ್ಗಬೇಡಿ. ನಮ್ಮ ಕಲ್ಲು ಕೊಳೆತ ಮಣ್ಣಿನಲ್ಲಿ ಉಂಡೆಗಲ್ಲು ಉಳಿದಿರುತ್ತದೆ, ಅದರ ಕೆಳಗೆ ಮತ್ತೆ ಮೆತ್ತನೆ ಮಣ್ಣು. ಪಕ್ಕದಲ್ಲೇ ಇನ್ನೊಂದು ಬೋರ್ ಹಾಕಿಸುವುದು ವಾಸಿ.

ಬೋರ್ ಬಿಟ್ಟು ಪ್ಲೇಟ್ ಲೋಡ್ ಟೆಸ್ಟ್ (ಗುಂಡಿಯಲ್ಲಿ ಉಕ್ಕಿನ ಪ್ಲೇಟಿಟ್ಟು ಭಾರ ಹೇರಿ ಎಷ್ಟು ಕೂರುತ್ತದೆಂದು ಅಳೆಯುವುದು) ಒಂದನ್ನೇ ನಂಬಿದರೆ ಕೆಟ್ಟಿರಿ. ಫೂಟಿಂಗಿನ ಭಾರ ಅದರ ಅಗಲದ ಒಂದೂವರೆ, ಎರಡು ಪಟ್ಟು ಆಳದವರೆಗೂ ತಟ್ಟುತ್ತದೆ. 30 ಸೆಂ.ಮೀ. ಪ್ಲೇಟಿಗೆ ಅದು ಹೆಚ್ಚೆಂದರೆ 60 ಸೆಂ.ಮೀ.; ನಮ್ಮ ಫೂಟಿಂಗಿಗೆ ಮೂರೂವರೆ ಮೀಟರ್. ಎರಡು ಮೀಟರ್ ಕೆಳಗಿನ ಕೆರೆ ಹೂಳು ಪ್ಲೇಟಿಗೆ ಗೊತ್ತೇ ಆಗುವುದಿಲ್ಲ. ಧರ್ಮಾಂಬುಧಿ ಕೆರೆಯಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವ ಊರಿದು. ಗುಂಡಿಯ ಅಗಲ ಪ್ಲೇಟಿನ ಐದು ಪಟ್ಟಾದರೂ ಇರಲಿ. ಇಕ್ಕಟ್ಟಾದರೆ ಸುತ್ತಲ ಮಣ್ಣಿನ ಒತ್ತು ಸೇರಿ ಫಲಿತಾಂಶ ಚೆನ್ನಾಗಿ ಕಾಣುತ್ತದೆ.

ರಾಫ್ಟ್, ಅಂದರೆ ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು, ಹಾಕುವುದಾದರೆ ಎಂಜಿನಿಯರ್ ಸಬ್‌ಗ್ರೇಡ್ ಮಾಡ್ಯುಲಸ್ ಕೇಳುತ್ತಾರೆ: ಒತ್ತಡವನ್ನು ಕುಸಿತದಿಂದ ಭಾಗಿಸಿದ ಸಂಖ್ಯೆ. ಪ್ಲೇಟಿನಲ್ಲಿ ಬಂದದ್ದನ್ನು ಹಾಗೇ ಕೊಡಬೇಡಿ. ಜೇಡಿಮಣ್ಣಿನಲ್ಲಿ 30 ಸೆಂ.ಮೀ. ಪ್ಲೇಟಿನ ಸಂಖ್ಯೆ ಒಂದೂವರೆ ಮೀಟರ್ ಅಗಲಕ್ಕೇ ಐದನೇ ಒಂದು ಪಾಲಿಗೆ ಇಳಿಯುತ್ತದೆ.