ಬಡಾವಣೆಯ ಪಾರ್ಕು ಎಲ್ಲರಿಗೂ ಸಿಗುವಂತೆ ಮಾಡಲು ಟೇಪು ಹಿಡಿದು ಹೊರಡಿ

ಬೆಂಗಳೂರಿನ ಬಡಾವಣೆ ಪಾರ್ಕುಗಳಲ್ಲಿ ಮೊದಲ ಅಡ್ಡಿ ಗೇಟಿನಲ್ಲೇ ಇರುತ್ತದೆ. ಅಳತೆಯನ್ನು ಅಲ್ಲಿಂದಲೇ ಶುರು ಮಾಡಿ. ಐದು ಮೀಟರಿನ ಟೇಪು, ಫೋಟೊಗೆ ಫೋನು, ಜೊತೆಗೆ ವೀಲ್‌ಚೇರ್ ಬಳಸುವ ಒಬ್ಬರು ಇದ್ದರೆ ಸಾಕು. ಅವರಿಲ್ಲದೆ ಹೋದರೆ ಟೇಪು ಸರಿ ಅನ್ನುತ್ತದೆ, ಗಾಲಿ ಸಿಕ್ಕಿಕೊಳ್ಳುತ್ತದೆ.

ದನ, ಬೈಕು ಬರದಿರಲೆಂದು ಹಾಕುವ ಅಂಕುಡೊಂಕು ಪೈಪಿನ ಗೇಟು ನೋಡಿ. ಪೈಪುಗಳ ನಡುವೆ 90 ಸೆಂ.ಮೀ. ಇದ್ದರೂ ತಿರುಗಲು ಜಾಗವಿಲ್ಲದಿದ್ದರೆ ವೀಲ್‌ಚೇರ್ ಅಲ್ಲೇ ನಿಲ್ಲುತ್ತದೆ. ತಿರುವಿಗೆ ಒಂದೂವರೆ ಮೀಟರ್ ಬೇಕು. ಪಕ್ಕದ ದೊಡ್ಡ ಗೇಟಿದೆಯಲ್ಲ ಅನ್ನುತ್ತಾರೆ. ಅದರ ಬೀಗದ ಕೈ ಯಾರ ಹತ್ತಿರ, ಅವರು ಎಷ್ಟು ಹೊತ್ತು ಅಲ್ಲಿರುತ್ತಾರೆ ಎಂದು ಬರೆದುಕೊಳ್ಳಿ. ಪೈಪು ತೆಗೆದು, 90 ಸೆಂ.ಮೀ. ಬಿಟ್ಟು ನೇರ ಸಾಲಿನಲ್ಲಿ ಕಂಬ ನೆಟ್ಟರೆ ಕಾರು, ಆಟೊ ಬರುವುದಿಲ್ಲ. ಬೈಕು ನುಸುಳಬಹುದು. ಆದರೂ ಆಯ್ಕೆ ಅದೇ ಆಗಿರಲಿ.

ರ್‍ಯಾಂಪಿನ ಲೆಕ್ಕ ಸುಲಭ. ಎತ್ತರವನ್ನು 12ರಿಂದ ಗುಣಿಸಿ. 15 ಸೆಂ.ಮೀ. ಮೆಟ್ಟಿಲಿಗೆ 1.8 ಮೀಟರ್ ಉದ್ದ, 45 ಸೆಂ.ಮೀ.ಗೆ 5.4 ಮೀಟರ್. ಜಾಗ ಸಾಲದೆಂದು ಅರ್ಧಕ್ಕೆ ಮುಗಿಸಿದರೆ ಅದು ಬೈಕು ಹತ್ತಿಸುವ ದಿಬ್ಬ ಅಷ್ಟೆ. ಮೇಲೂ ಕೆಳಗೂ ಒಂದೂವರೆ ಮೀಟರ್ ಸಮತಟ್ಟು ಇರಬೇಕು. ಎಲ್ಲರೂ ಮರೆಯುವುದು ರ್‍ಯಾಂಪಿನ ಬುಡದಲ್ಲಿರುವ ಚರಂಡಿಯ ಜಾಲರಿ: ಅದರ ಸಂದು ನಡೆಯುವ ದಿಕ್ಕಿಗೆ ಉದ್ದಕ್ಕೆ ಇದ್ದರೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಒಳಕ್ಕೆ ಇಳಿಯುತ್ತದೆ. ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿ, ಸಂದು 12 ಮಿ.ಮೀ. ಮೀರದಿರಲಿ.

ಇನ್ನು ಹೊತ್ತಿನ ಮಾತು. ಮಧ್ಯಾಹ್ನ ಬೀಗ ಹಾಕಿದರೆ ಹೊರಗುಳಿಯುವವರು ಎರಡು ಮನೆಯ ಕೆಲಸದ ನಡುವೆ ಬಿಡುವಿರುವ ಮನೆಗೆಲಸದವರು, ಪೌರಕಾರ್ಮಿಕರು, ಡೆಲಿವರಿ ಹುಡುಗರು. ವಾಕಿಂಗ್ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ. 2024ರ ಜೂನ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ತನ್ನ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಹೇಳಿತು. ನಿಮ್ಮ ಗೇಟಿನ ಬೋರ್ಡಿನಲ್ಲಿ ಏನಿದೆ ನೋಡಿ. ಬೆಳಗ್ಗೆ 6, ಮಧ್ಯಾಹ್ನ 1, ಸಂಜೆ 7ಕ್ಕೆ, ಒಂದು ಕೆಲಸದ ದಿನ, ಒಂದು ಭಾನುವಾರ ಹೋಗಿ, ಯಾರು ಇದ್ದಾರೆ, ಯಾರನ್ನು ಎಬ್ಬಿಸಿ ಕಳಿಸುತ್ತಾರೆ ಎಂದು ಗುರುತು ಹಾಕಿ. ಶೌಚಾಲಯ, ಕುಡಿಯುವ ನೀರು ಇಲ್ಲದ ಪಾರ್ಕಿನಲ್ಲಿ ಹೆಂಗಸರು, ಮಕ್ಕಳು ಹೆಚ್ಚು ಹೊತ್ತು ಉಳಿಯುವುದಿಲ್ಲ, ಅದನ್ನೂ ಸೇರಿಸಿ.

‘ನಿವಾಸಿಗಳಿಗೆ ಮಾತ್ರ’ ಎಂಬ ಬೋರ್ಡು ಕಂಡರೆ ಫೋಟೊ ತೆಗೆದು, ಅದನ್ನು ಹಾಕಲು ಯಾರು, ಯಾವ ಆದೇಶದಲ್ಲಿ ಅನುಮತಿ ಕೊಟ್ಟರು ಎಂದು ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗೆ ಮುಗಿಯಬೇಕು. ಬೋರ್ಡು, ರ್‍ಯಾಂಪು, ಹೊತ್ತು ಮೂರನ್ನೂ ಒಟ್ಟಿಗೆ ತುರುಕಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು.

ನಿಮ್ಮ ಅಳತೆ, ಫೋಟೊ ನೋಡಿ ಪಾಲಿಕೆಯ ತೋಟಗಾರಿಕೆ ವಿಭಾಗದವರು ಕೆಲಸ ಒಪ್ಪಿಕೊಂಡರೆ, ಕಾಂಕ್ರೀಟು ಸುರಿಯುವ ದಿನ ಟೇಪು ಹಿಡಿದು ಅಲ್ಲೇ ನಿಂತಿರಿ. ಗಟ್ಟಿಯಾದ ಮೇಲೆ ಇಳಿಜಾರು ತಿದ್ದಬೇಕೆಂದರೆ ಒಡೆಯುವುದೊಂದೇ ದಾರಿ.