ಕಮರಿಯಲ್ಲಿ ಕಯಾಕ್: ಮೊದಲು ನಿಲ್ಲಲು ಕಲಿಯಿರಿ

ಲಡಾಖ್‌ನ ಚಾದರ್ ಟ್ರೆಕ್‌ಗೆ ಹೋಗಿ ಹೆಪ್ಪುಗಟ್ಟಿದ ಝನ್ಸ್ಕಾರ್ ನದಿಯ ಮೇಲೆ ನಡೆದು ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದೇ ನದಿ ಜುಲೈ, ಆಗಸ್ಟ್‌ನಲ್ಲಿ ಹಿಮ ಕರಗಿದ ನೀರು ತುಂಬಿ ಭೋರ್ಗರೆಯುತ್ತದೆ. ಪದುಮ್ ಹತ್ತಿರ ಎರಡು ನದಿಗಳು ಸೇರಿ ಝನ್ಸ್ಕಾರ್ ಆಗುತ್ತದೆ. ಅಲ್ಲಿಂದ ಎತ್ತರದ ಕಲ್ಲುಗೋಡೆಗಳ ನಡುವೆ ನುಗ್ಗಿ, ಲೇಹ್ ಬಳಿಯ ನಿಮು ಎಂಬಲ್ಲಿ ಸಿಂಧೂ ನದಿಗೆ ಕೂಡುತ್ತದೆ. ಅಲ್ಲಿ ಕಯಾಕ್, ಅಂದರೆ ಕೂತು ಪ್ಯಾಡಲ್ ಎಂಬ ಹುಟ್ಟು ಹಾಕುವ ಕಿರಿದಾದ ದೋಣಿ, ನಡೆಸಲು ಬರುವವರಲ್ಲಿ ಒಂದೇ ಕೊರತೆ ಮತ್ತೆ ಮತ್ತೆ ಕಂಡಿದ್ದೇನೆ. ಮುಂದೆ ಹೋಗುವುದು ಗೊತ್ತಿರುತ್ತದೆ, ನಿಲ್ಲುವುದು ಗೊತ್ತಿರುವುದಿಲ್ಲ. ಬಯಲಿನ ನದಿಯಾದರೆ ಹೆದರಿಕೆಯಾದಾಗ ದಡ ಹತ್ತಬಹುದು. ಕಮರಿಯಲ್ಲಿ ಎಷ್ಟೋ ಕಡೆ ದಡವೇ ಇಲ್ಲ, ಗೋಡೆ ನೇರ ನೀರಿಗೆ ಇಳಿದಿರುತ್ತದೆ.

ಹಂತ 1: ಊರಲ್ಲೇ ಕಲಿಯಿರಿ

ಮೊದಲ ಪಾಠ ನಿಂತ ನೀರಿನಲ್ಲಿ. ಬೋಟು ಮಗುಚಿದರೆ ಸ್ಪ್ರೇ ಸ್ಕರ್ಟಿನ (ನೀರು ಒಳಬಾರದಂತೆ ಸೊಂಟದ ಸುತ್ತ ಬೋಟಿನ ಬಾಯಿ ಮುಚ್ಚುವ ಹೊದಿಕೆ) ಪಟ್ಟಿ ಎಳೆದು ಹೊರಬರುವುದು, ಆಮೇಲೆ ಒಳಗೇ ಕೂತು ಸೊಂಟದ ಬಲದಲ್ಲಿ ಎದ್ದೇಳುವ ರೋಲ್. ರೋಲ್‌ನಲ್ಲಿ ತಲೆ ಕೊನೆಗೆ ನೀರಿನಿಂದ ಮೇಲೆ ಬರಬೇಕು. ಉಸಿರಿಗಾಗಿ ತಲೆ ಮೊದಲು ಎತ್ತಿದರೆ ಬೋಟು ಮತ್ತೆ ಮಗುಚುತ್ತದೆ. ಇದು ಕೈಗೆ ಬಂದ ಮೇಲೆ ಹರಿವ ನೀರು. ನಮಗೆ ಗಣೇಶಗುಡಿಯ ಕಾಳಿ ನದಿ ಇದೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅಲ್ಲಿನ ಮಟ್ಟ ಏರುತ್ತದೆ, ಹಾಗಾಗಿ ಊರಿನವರನ್ನು ಕೇಳದೆ ಇಳಿಯಬೇಡಿ.

ಹಂತ 2: ಸಾಮಾನು

ಫೋಮ್ ತುಂಬಿದ ಲೈಫ್ ಜಾಕೆಟ್, ನೀರಿನ ಆಟಕ್ಕೆಂದೇ ಮಾಡಿದ ಹೆಲ್ಮೆಟ್, ವೆಟ್‌ಸೂಟ್, ಸೀಟಿ, ಎಸೆಯುವ ಹಗ್ಗದ ಚೀಲ. ಗಾಳಿ ಊದುವ ಅಗ್ಗದ ಜಾಕೆಟ್ ಬೇಡವೇ ಬೇಡ. ಹಾಗೆ ಕೊಂಡ ಒಂದರ ಪಟ್ಟಿ ನನಗೆ ಮೊದಲ ದಿನವೇ ಕಿತ್ತು ಬಂತು. ಜೀನ್ಸ್ ಬೇಡ. ಪ್ಯಾಡಲ್ ಕಳೆದುಹೋಗದಿರಲಿ ಅಂತ ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳುವವರಿದ್ದಾರೆ. ಆ ದಾರ ಬಂಡೆಗೆ ಸಿಕ್ಕಿದರೆ ನೀವೂ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಹಂತ 3: ಲೇಹ್‌ನಲ್ಲಿ ವಿಶ್ರಾಂತಿ

ಊರು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಗೆ ಮೈ ಒಗ್ಗಲು ಕನಿಷ್ಠ ಎರಡು ದಿನ ಸುಮ್ನೆ ಇರಿ.

ಹಂತ 4: ಎಡ್ಡಿ ಹಿಡಿಯುವುದು

ಬಂಡೆಗೆ ಸೆಳವು ಬಡಿದು ಎರಡು ಕಡೆ ಸೀಳಿದಾಗ, ಬಂಡೆಯ ಬೆನ್ನಿಗೆ ನೀರು ಹಿಂದಕ್ಕೆ ತಿರುಗಿ ನಿಧಾನವಾಗಿ ಮೇಲಕ್ಕೆ, ಅಂದರೆ ನದಿ ಬಂದ ಕಡೆಗೇ, ಹರಿಯುತ್ತದೆ. ಇದೇ ಎಡ್ಡಿ. ಗೋಡೆ ಮುಂದಕ್ಕೆ ಚಾಚಿದ ಕಡೆಯೂ ಸಿಗುತ್ತದೆ. ಕಮರಿಯಲ್ಲಿ ನಿಮಗಿರುವ ಬಸ್ ಸ್ಟಾಪ್ ಇದೊಂದೇ.

ಎಡ್ಡಿಗೂ ಸೆಳವಿಗೂ ನಡುವೆ ಒಂದು ಗೆರೆ ಕಾಣುತ್ತದೆ. ಬಹಳ ಜನ ಮಗುಚುವುದು ಈ ಗೆರೆಯ ಮೇಲೆ. ಯಾಕೆಂದರೆ ಮೆಲ್ಲಗೆ ಹೋದರೆ ಕ್ಷೇಮ ಅಂದುಕೊಂಡು ಹತ್ತಿರ ಬರುವಾಗ ಪ್ಯಾಡಲ್ ನಿಲ್ಲಿಸುತ್ತಾರೆ. ಬೋಟು ಗೆರೆಯ ಮೇಲೇ ಉಳಿಯುತ್ತದೆ, ಒಂದು ನೀರು ಕೆಳಕ್ಕೆ, ಇನ್ನೊಂದು ಮೇಲಕ್ಕೆ ಎಳೆಯುತ್ತದೆ.

ಸರಿಯಾದ ಕ್ರಮ ಹೀಗೆ. ಬಂಡೆ ದೂರದಲ್ಲಿರುವಾಗಲೇ ಗುರಿ ಇಡಿ. ಗುರಿ ಎಡ್ಡಿಯ ನಡುವಲ್ಲ, ಮೇಲಿನ ತುದಿ, ಬಂಡೆಯ ಬೆನ್ನಿಗೆ ಆದಷ್ಟು ಹತ್ತಿರ. ತಡವಾಗಿ ಗುರಿ ಇಟ್ಟರೆ ಎಡ್ಡಿಯ ಬಾಲಕ್ಕೆ ಬೀಳುತ್ತೀರಿ, ಅಲ್ಲಿ ಹಿಡಿತವೇ ಇಲ್ಲ. ಗೆರೆಯನ್ನು ಓರೆಯಾಗಿ, ಜೋರಾಗಿ ದಾಟಿ. ಮೂತಿ ಒಳಗೆ ಹೋಗುತ್ತಿದ್ದಂತೆ, ಬೋಟು ತಿರುಗುವ ಕಡೆಗೇ ಅದನ್ನು ವಾಲಿಸಿ. ಬೈಕ್ ತಿರುವಿನಲ್ಲಿ ವಾಲುತ್ತದಲ್ವಾ, ಹಾಗೆ. ಎಡಗಡೆಯ ಎಡ್ಡಿಯಾದರೆ ಎಡಕ್ಕೆ. ವಾಲಿಸುವುದು ಸೊಂಟದಿಂದ ಕೆಳಗೆ ಮಾತ್ರ, ಮೈ ನೆಟ್ಟಗಿರಲಿ. ಅದೇ ಕಡೆಯ ಪ್ಯಾಡಲನ್ನು ಎಡ್ಡಿಯ ನೀರಿಗೆ ಇಳಿಸಿ ಹಿಡಿಯಿರಿ. ಬೋಟು ಅದರ ಸುತ್ತ ತಿರುಗಿ, ಮೂತಿ ಮೇಲ್ಗಡೆ ಮಾಡಿ ನಿಲ್ಲುತ್ತದೆ.

ಹೊರಬರುವಾಗಲೂ ವೇಗ ಬೇಕು, ಈಗ ವಾಲು ನದಿ ಹರಿವ ಕಡೆಗೆ. ಹೆದರಿ ಮೇಲ್ಗಡೆಗೆ ವಾಲಿದರೆ ಸೆಳವು ಆ ಅಂಚಿನ ಮೇಲೇರಿ ಕ್ಷಣದಲ್ಲಿ ಮಗುಚಿಬಿಡುತ್ತದೆ. ಕಾಳಿಯಲ್ಲಿ ಒಂದೇ ಬಂಡೆಯ ಹಿಂದೆ 50 ಸಲ ಒಳಗೆ, 50 ಸಲ ಹೊರಗೆ ಮಾಡಿ. ಎಡಕ್ಕೂ ಮಾಡಿ, ಬಲಕ್ಕೂ ಮಾಡಿ. ಒಂದೇ ಕಡೆ ಚೆನ್ನಾಗಿ ಬರುವವರಿಗೆ ಕಮರಿ ಇನ್ನೊಂದು ಕಡೆಯ ಎಡ್ಡಿಯನ್ನೇ ಕೊಡುತ್ತದೆ.

ಹಂತ 5: ನದಿಗೆ ಇಳಿಯುವುದು

ಬೆಳಿಗ್ಗೆ ಬೇಗ ಹೊರಡಿ. ಬಿಸಿಲೇರಿದಂತೆ ಹಿಮ ಕರಗಿ ಮಟ್ಟ ಏರುತ್ತದೆ, ಮಧ್ಯಾಹ್ನ ಎದುರುಗಾಳಿಯೂ ಬರುತ್ತದೆ. ನೀರು ಕೆಸರುಬೂದು, ಒಳಗಿನ ಬಂಡೆ ಕಾಣದು. ಮೇಲ್ಮೈ ಓದಬೇಕು. ನೀರಿನ ಮೇಲೆ ಬಾಣದ ಆಕಾರ ಕಂಡು, ಅದರ ಮೊನೆ ಕೆಳಕ್ಕೆ ಚಾಚಿದ್ದರೆ ದಾರಿ, ನಿಮ್ಮ ಕಡೆಗೆ ಚಾಚಿದ್ದರೆ ಬಂಡೆ. ತಿರುವಿನಾಚೆ ಏನಿದೆ ಅಂತ ಕಾಣದಿದ್ದರೆ ಮೊದಲೇ ಎಡ್ಡಿ ಹಿಡಿದು ನಿಂತು ನೋಡಿ. ಮುಂದಿನ ಎಡ್ಡಿ ಕಾಣುವ ತನಕ ಈಗಿನದನ್ನು ಬಿಡಬೇಡಿ. ಗುಂಪು ದೊಡ್ಡದಾಗಿದ್ದರೆ ಎಲ್ಲರೂ ನಿಲ್ಲಲು ಜಾಗ ಸಾಲದು, ಆದ್ದರಿಂದ ನಾಲ್ಕೈದು ಜನ ಸಾಕು.

ಬೋಟಿನಿಂದ ಹೊರಬಿದ್ದರೆ ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ಮೇಲೆ ತೇಲಿಸಿ. ಹರಿವ ನೀರಿನಲ್ಲಿ ನಿಲ್ಲಲು ಹೋಗಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಸೆಳವು ಮುಖವನ್ನು ನೀರಿಗೆ ಒತ್ತುತ್ತದೆ.

ಮೊದಲ ಸಲ ಬರುವವರು ಪದುಮ್‌ನಿಂದ ಹೊರಡಬೇಡಿ. ಅದಕ್ಕೆ ಹಲವು ದಿನ ಬೇಕು. ಇದೇ ನದಿಯ ಮೇಲಿನ ಚಿಲಿಂಗ್ ಹಳ್ಳಿಯಿಂದ ನಿಮುವಿಗೆ ಒಂದು ದಿನದ ದಾರಿ, ನೀರೂ ಅಷ್ಟು ಒರಟಲ್ಲ. ಅಲ್ಲಿ ನೀವೇ ಗುರುತಿಸಿದ ಪ್ರತಿ ಎಡ್ಡಿಯಲ್ಲೂ ಹೋಗಿ ನಿಲ್ಲಲು ಬಂದರೆ, ಮುಂದಿನ ವರ್ಷ ಪದುಮ್‌ಗೆ ಹೋಗಿ.